ಕೌಂಟರಿನ ಒಳಬದಿಯಿಂದ ಕಂಡ ವಿಲೀನ

ಕೇಳುಗರೆಲ್ಲರಿಗೂ ನಮಸ್ಕಾರ.

ದೊಡ್ಡ ಸಂಸ್ಥೆಯೊಂದು ಇನ್ನೊಂದನ್ನು ತನ್ನೊಳಗೆ ಸೇರಿಸಿಕೊಂಡಾಗ ಷೇರು ವಿನಿಮಯದ ಅನುಪಾತ, ಒಟ್ಟು ವಹಿವಾಟಿನ ಮೊತ್ತ, ಶಾಖೆಗಳ ಸಂಖ್ಯೆ ಎಲ್ಲವೂ ಪತ್ರಿಕೆಗಳಲ್ಲಿ ಬರುತ್ತವೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಕುರ್ಚಿಯಲ್ಲಿ ಬಂದು ಕುಳಿತ ನೌಕರನ ಪಾಡು ಮಾತ್ರ ಎಲ್ಲಿಯೂ ಬರುವುದಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ದುಡಿದು, ನಿವೃತ್ತಿಯ ಹೊಸ್ತಿಲಲ್ಲಿ ಒಂದು ವಿಲೀನವನ್ನು ಕಂಡವನಾಗಿ ಇಂದು ಆ ವಿಷಯವನ್ನೇ ಹೇಳಬೇಕೆಂದಿದ್ದೇನೆ. ನನ್ನ ಬ್ಯಾಂಕಿನ ಹೆಸರು ಬೇಡ. ನಾನು ಕಂಡದ್ದು ಅದೊಂದರ ಕಥೆ ಮಾತ್ರವಲ್ಲ.

ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಮೂರೇ ವರ್ಷಗಳಲ್ಲಿ ಅಳಿಸಿಹೋಯಿತು. 1913ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆರಂಭವಾಗಿ, ಜನರ ಬಾಯಲ್ಲಿ ಕೊನೆಯವರೆಗೂ ‘ಮೈಸೂರು ಬ್ಯಾಂಕ್’ ಆಗಿಯೇ ಉಳಿದಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಶುರುವಾದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದ ಭಾಗವಾಯಿತು. ಮರುವರ್ಷ ಅದೇ ತಾರೀಖಿಗೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಲೀನವಾದವು. ಆಗ ದೇಶಕ್ಕೆ ಲಾಕ್‌ಡೌನ್ ಬಂದು ಒಂದು ವಾರವಾಗಿತ್ತು. 1928ರಿಂದಲೇ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಪಿಗ್ಮಿ ಕಟ್ಟಿಸಿಕೊಂಡು ಬಡವರಿಗೆ ಉಳಿತಾಯದ ರೂಢಿ ಹಿಡಿಸಿದ ಸಿಂಡಿಕೇಟ್ ಬ್ಯಾಂಕಿನ ಕೊನೆಯ ದಿನ, ಅದರ ನೌಕರರಿಗೆ ಒಟ್ಟಾಗಿ ಕುಳಿತು ಒಂದು ಲೋಟ ಕಾಫಿ ಕುಡಿಯುವ ಅವಕಾಶವೂ ಇರಲಿಲ್ಲವೆಂಬುದು ನನ್ನನ್ನು ಈಗಲೂ ಕಾಡುತ್ತದೆ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಈ ವಿಲೀನಗಳಿಂದ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲವೆಂದು ಸರ್ಕಾರ ಭರವಸೆ ಕೊಟ್ಟಿತ್ತು. ವೇತನ, ಭತ್ಯೆಗಳು ಹಿಂದಿಗಿಂತ ಕಡಿಮೆಯಾಗಬಾರದೆಂಬ ರಕ್ಷಣೆಯೂ ಇತ್ತು. ಹಾಗಿದ್ದರೂ 2018ರ ಡಿಸೆಂಬರ್ 26ರಂದು ದೇಶದಾದ್ಯಂತ ಬ್ಯಾಂಕ್ ನೌಕರರು ಮುಷ್ಕರ ಹೂಡಿದರು. ಸಂಬಳಕ್ಕೆ ಧಕ್ಕೆಯಿಲ್ಲವೆಂದ ಮೇಲೆ ಇವರಿಗೇನು ಕಷ್ಟ ಎಂದು ನನ್ನ ನೆಂಟರಲ್ಲೇ ಕೆಲವರು ಕೇಳಿದ್ದುಂಟು.

ಮೊದಲ ಕಷ್ಟ ಸೇವಾ ಹಿರಿತನದ್ದು. ಒಂದು ಬ್ಯಾಂಕಿನಲ್ಲಿ ಬಡ್ತಿ ಬೇಗ ಸಿಕ್ಕಿರುತ್ತದೆ, ಇನ್ನೊಂದರಲ್ಲಿ ಅದೇ ಹುದ್ದೆಗೆ ಹಲವು ವರ್ಷ ಹೆಚ್ಚು ಕಾದಿರುತ್ತಾರೆ. ಎರಡೂ ಪಟ್ಟಿಗಳನ್ನು ಹೆಣೆದು ಒಂದು ಮಾಡುವಾಗ ಯಾವ ಸೂತ್ರ ಹಿಡಿದರೂ ಯಾರಾದರೊಬ್ಬರು ನಿನ್ನೆಯ ಕಿರಿಯರ ಕೆಳಗೆ ಬಂದು ನಿಲ್ಲಬೇಕಾಗುತ್ತದೆ. ಎರಡನೆಯದು ವರ್ಗಾವಣೆ. ಒಂದೇ ರಸ್ತೆಯಲ್ಲಿ ಎದುರುಬದುರಾಗಿದ್ದ ಎರಡು ಶಾಖೆಗಳು ಒಂದಾದಾಗ ಮ್ಯಾನೇಜರ್ ಒಬ್ಬರೇ ಸಾಕು. ಇನ್ನೊಬ್ಬರು, ಮಗಳ ಪಿಯುಸಿ ಪರೀಕ್ಷೆಯ ವರ್ಷವಾದರೂ ಸರಿ, ಹೆಸರೇ ಕೇಳದ ಊರಿಗೆ ಹೊರಡುತ್ತಾರೆ.

ಇದಕ್ಕಿಂತ ಚಿಕ್ಕದಾಗಿ ಕಂಡರೂ ನನ್ನನ್ನು ಹೆಚ್ಚು ನೋಯಿಸಿದ್ದು ಒಂದು ಅಕ್ಷರ. ವಿಲೀನವಾದ ಮೇಲೆ ಸುತ್ತೋಲೆಗಳಲ್ಲಿ ನಮ್ಮ ಬ್ಯಾಂಕಿನ ಹೆಸರಿನ ಹಿಂದೆ ‘ಇ’ ಎಂದು ಸೇರಿಸತೊಡಗಿದರು. ಹಿಂದೆ ಇದ್ದದ್ದು ಎಂಬ ಅರ್ಥದ ‘ಅರ್ಸ್ಟ್‌ವೈಲ್’ ಎಂಬ ಇಂಗ್ಲಿಷ್ ಪದದ ಮೊದಲಕ್ಷರ ಅದು. ಸಭೆಗಳಲ್ಲಿಯೂ “ಇವರು ‘ಇ’ ಕಡೆಯವರು” ಎಂದೇ ಪರಿಚಯ. ನಿವೃತ್ತಿಗೆ ಹದಿನೈದು ವರ್ಷ ಬಾಕಿ ಇದ್ದವರು ಕೂಡ ಹೀಗೆ ಒಂದೇ ರಾತ್ರಿಯಲ್ಲಿ ಹಿಂದೆ ಇದ್ದವರಾದರು.

ನಮ್ಮ ಶಾಖೆಯಲ್ಲಿ ಇಪ್ಪತ್ತೆಂಟು ವರ್ಷ ಸೇವೆ ಮಾಡಿದ ಹೆಡ್ ಕ್ಯಾಷಿಯರ್ ಒಬ್ಬರಿದ್ದರು. ಕಂಪ್ಯೂಟರಿನಲ್ಲಿ ಒಂದೊಂದು ಕೆಲಸಕ್ಕೂ ಇರುವ ಮೆನು ಸಂಖ್ಯೆಯನ್ನು ಕೀಲಿಮಣೆಯತ್ತ ನೋಡದೆಯೇ ಒತ್ತುತ್ತಿದ್ದರು. ಕಣ್ಣು ಗಿರಾಕಿಯ ಮುಖದ ಮೇಲೆ, ಬೆರಳು ಕೆಲಸದ ಮೇಲೆ. ವಿಲೀನದ ಆದೇಶ ಬಂದು ಎಷ್ಟೋ ತಿಂಗಳ ಮೇಲೆ ಕಂಪ್ಯೂಟರ್ ವ್ಯವಸ್ಥೆ ಬದಲಾಯಿತು. ಹೊಸ ಪರದೆಯ ಮುಂದೆ ಕುಳಿತ ಮೊದಲ ಸೋಮವಾರ ಅವರ ಬೆರಳುಗಳು ತಮ್ಮಷ್ಟಕ್ಕೆ ಹಳೆಯ ಸಂಖ್ಯೆಯನ್ನೇ ಒತ್ತಿದವು. ಪರದೆ ಒಪ್ಪಲಿಲ್ಲ. ಮತ್ತೆ ಒತ್ತಿದರು, ಮತ್ತೆ ಒಪ್ಪಲಿಲ್ಲ. ಸರದಿ ಬಾಗಿಲಿನಾಚೆಗೂ ಬೆಳೆದಿತ್ತು. ವಿಧವಾ ವೇತನ ತೆಗೆಯಲು ಬಂದಿದ್ದ ಹೆಂಗಸೊಬ್ಬರು, “ಅಣ್ಣಾ, ನನ್ನ ದುಡ್ಡು ಇದ್ಯೋ ಇಲ್ವೋ?” ಎಂದು ಕೇಳಿದರು. “ಇದೆ ತಾಯಿ, ಒಂದು ನಿಮಿಷ” ಎಂದವರು ಎದ್ದು ಹೋಗಿ, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗನನ್ನು ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಹಿಂದೆ ನಿಂತು ನೋಡಿದರು. ಕೈಯಲ್ಲಿದ್ದ ವಿದ್ಯೆ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಂತಾಗುವ ಆ ನೋವಿಗೆ ವಿಲೀನದ ಯಾವ ಯೋಜನೆಯಲ್ಲೂ ಒಂದು ಸಾಲಿಲ್ಲ. ಗಿರಾಕಿಗಳ ಹಳೆಯ ಚೆಕ್ಕು, ಹಣ ವರ್ಗಾವಣೆಗೆ ಬಳಸುವ ಹಳೆಯ ಐಎಫ್ಎಸ್‌ಸಿ ಸಂಖ್ಯೆಗಳಿಗೆ ತಿಂಗಳುಗಟ್ಟಲೆ ಗಡುವು ಸಿಕ್ಕಿತು. ಸಿಂಡಿಕೇಟ್ ಬ್ಯಾಂಕಿನ ಸಂಖ್ಯೆಗಳು 2021ರ ಜೂನ್ 30ರವರೆಗೂ ನಡೆದವು. ನಮ್ಮ ಶಾಖೆಯ ನೌಕರರಿಗೆ ಸಿಕ್ಕಿದ್ದು ಎರಡು ದಿನದ ತರಬೇತಿ.

ಸೇರಿಸಿಕೊಳ್ಳುವ ಸಂಸ್ಥೆ ದೊಡ್ಡದಾದಷ್ಟೂ ಅದು ತನ್ನ ಕ್ರಮವೇ ಸರಿಯೆಂದು ಹೊರಡುತ್ತದೆ. ನಿಮ್ಮಲ್ಲಿ ಇದನ್ನು ಹೇಗೆ ಮಾಡುತ್ತಿದ್ದಿರಿ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಯಾವ ಊರಿನ ಯಾವ ಸಾಲಗಾರ ಅಡಿಕೆ ಮಾರಿದ ಮೇಲೆ ತಪ್ಪದೆ ಕಟ್ಟುತ್ತಾನೆ, ಯಾರಿಗೆ ನೋಟಿಸ್ ಕಳಿಸುವ ಬದಲು ಫೋನ್ ಮಾಡಿದರೆ ಸಾಕು ಎಂಬುದನ್ನೆಲ್ಲ ಸಂತೋಷದಿಂದ ಹೇಳಿಕೊಡುತ್ತಿದ್ದೆವು.

ಆ ಹೆಡ್ ಕ್ಯಾಷಿಯರ್ ಸ್ವಯಂ ನಿವೃತ್ತಿಯ ಯೋಚನೆ ಮಾಡಿದ್ದು ನನಗೆ ಗೊತ್ತು. ಕೊನೆಗೆ ಬಿಡಲಿಲ್ಲ. ನೂರು ಪುಟದ ನೋಟ್‌ಬುಕ್ ತಂದು, ಎಡಗಡೆ ಹಳೆಯ ಮೆನು, ಬಲಗಡೆ ಹೊಸದು ಎಂದು ಗೆರೆ ಹಾಕಿ, ದಿನಕ್ಕೆ ಐದಾರರಂತೆ ಕನ್ನಡದಲ್ಲಿ ಬರೆದುಕೊಂಡರು. ಎರಡು ತಿಂಗಳಲ್ಲಿ ಪುಸ್ತಕ ತುಂಬಿತು. ಅದರ ಜೆರಾಕ್ಸ್ ಪ್ರತಿಗಳು ಸುತ್ತಲಿನ ನಾಲ್ಕು ಶಾಖೆಗಳಿಗೆ ಹೋದವು. ಅವುಗಳಲ್ಲಿ ಒಂದು, ನಮ್ಮನ್ನು ಸೇರಿಸಿಕೊಂಡ ಬ್ಯಾಂಕಿನದೇ ಹಳೆಯ ಶಾಖೆ.

ನಮಸ್ಕಾರ.