ಮೆಟ್ರೋ ಹೋಗುತ್ತದೆ, ಕ್ರೆಡಿಟ್ ಹೋಗುವುದಿಲ್ಲ

ನಮಸ್ಕಾರ. ಬನ್ನಿ, ಕೂತ್ಕೊಳ್ಳಿ. ಪಾತ್ರೆ ತೊಳೆಯುತ್ತಾ ಕೇಳುವವರು ಹಾಗೇ ಮುಂದುವರಿಸಿ. ನಮ್ಮ ಕೇಳುಗರಲ್ಲಿ ಅರ್ಧ ಜನ ಸಿಂಕ್ ಮುಂದೆ ನಿಂತೇ ಕೇಳುವುದು ಅಂತ ನನಗೆ ಗೊತ್ತು.

ಈ ವಾರ ದರ್ಶಿನಿಗಳ ಚಟ್ನಿ ಯಾಕೆ ದಿನೇ ದಿನೇ ನೀರಾಗುತ್ತಿದೆ ಅಂತ ಮಾತಾಡಬೇಕಿತ್ತು. ಸ್ಕ್ರಿಪ್ಟ್ ರೆಡಿ ಇತ್ತು. ಒಂದು ಕಾಮೆಂಟು ಬಂದು ಎಲ್ಲ ಕೆಡಿಸಿತು. ಹಿಂದಿನ ಎಪಿಸೋಡಿನಲ್ಲಿ ನಾನು ಮಾತಿನ ಮಧ್ಯೆ ಒಂದೇ ಒಂದು ವಾಕ್ಯ ಹೇಳಿದ್ದೆ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದುವ ಮಕ್ಕಳು ಒಂದೋ ಎರಡೋ ಪೇಪರನ್ನು ಇನ್ನೊಂದು ಕ್ಯಾಂಪಸ್ಸಿಗೆ ಹೋಗಿ ಓದುವ ಹಾಗಿರಬೇಕು, ಅಂತ. ಅಷ್ಟೇ. ಅದಕ್ಕೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಸಾರ್, ಹಾಗಾದ್ರೆ ಅಟೆಂಡೆನ್ಸ್ ಯಾರು ತಗೊಳ್ತಾರೆ?" ಪಕ್ಕದಲ್ಲಿ ನಗುವ ಮುಖ ಎರಡು. ನನ್ನ ವಿಡಿಯೋಗಿಂತ ಆ ಕಾಮೆಂಟಿಗೇ ಲೈಕ್ ಜಾಸ್ತಿ ಬಂದಿದೆ. ಅದೂ ಒಂದು ನೋವು, ಬಿಡಿ.

ಅಟೆಂಡೆನ್ಸ್ ಅಂತೆ. ಸರಿ ಸ್ವಾಮಿ, ಮಾತಾಡೋಣ.

ಬೆಂಗಳೂರಿನವರು ಒಮ್ಮೆ ಮೆಟ್ರೋ ನೇರಳೆ ಲೈನ್ ನೆನಪು ಮಾಡಿಕೊಳ್ಳಿ. ಸೆಂಟ್ರಲ್ ಕಾಲೇಜು ಅಂತ ಒಂದು ಸ್ಟೇಷನ್ ಇದೆ. ಪೂರ್ತಿ ಹೆಸರು ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು. ಅಲ್ಲಿ ಹತ್ತಿ. ಮೆಜೆಸ್ಟಿಕ್, ವಿಜಯನಗರ, ನಾಯಂಡಹಳ್ಳಿ ದಾಟಿ ಹೋಗಿ. ಜ್ಞಾನಭಾರತಿ ಅಂತ ಇನ್ನೊಂದು ಸ್ಟೇಷನ್ ಬರುತ್ತದೆ. ಇಳಿಯಿರಿ. ಸುಮಾರು ಅರ್ಧ ಗಂಟೆ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಲೈನ್ ಹುಡುಕಿಕೊಂಡು ಓಡುವ ಗೋಜೂ ಇಲ್ಲ. ನಿಜ ಹೇಳಬೇಕೆಂದರೆ ಸ್ಟೇಷನ್ನಿನಿಂದ ಡಿಪಾರ್ಟ್‌ಮೆಂಟ್ ತನಕ ನಡೆಯುವುದೇ ಕಷ್ಟ. ಅದು ಸಾವಿರ ಎಕರೆಗೂ ದೊಡ್ಡ ಕ್ಯಾಂಪಸ್ಸು. ನಾನು ಒಮ್ಮೆ ನಡೆದು ಅರ್ಧದಲ್ಲಿ ಕಬ್ಬಿನ ಹಾಲು ಕುಡಿದು ವಾಪಸ್ ಬಂದಿದ್ದೇನೆ.

ಈ ಎರಡೂ ಜಾಗ 2017ರ ತನಕ ಒಂದೇ ಬೆಂಗಳೂರು ವಿಶ್ವವಿದ್ಯಾಲಯ. 1964ರಲ್ಲಿ ಶುರುವಾದ ಯೂನಿವರ್ಸಿಟಿ. ಕಾಲೇಜುಗಳು ಜಾಸ್ತಿಯಾದವು, ಪರೀಕ್ಷೆ ನಡೆಸಿ ಸಾಕಾಯಿತು ಅಂತ ಮೂರು ಪಾಲು ಮಾಡಿದರು. ಸೆಂಟ್ರಲ್ ಕಾಲೇಜಿನ ಪಾಲಿಗೆ ಮೊದಲು ಬೆಂಗಳೂರು ಕೇಂದ್ರ ವಿವಿ ಅಂತ ಹೆಸರು. ಆಮೇಲೆ ನಗರ ವಿವಿ. 2025ರ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಅವರ ಹೆಸರಿಡುವುದಾಗಿ ಘೋಷಣೆ. ಕೋಲಾರದ ಕಡೆಯದು ಉತ್ತರ ವಿವಿ. ಜ್ಞಾನಭಾರತಿಗೆ ಹಳೇ ಹೆಸರೇ ಉಳಿಯಿತು. ಪಾಲು ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುತ್ತಾರೆ. ಹಾಗಂತ ಬಾವಿಗೆ ಗೋಡೆ ಕಟ್ಟುತ್ತಾರಾ?

ಈಗ ನನ್ನ ಮಾತು ಕೇಳಿ, ಒಂದೇ ಮಾತು. ಆ ಕ್ಯಾಂಪಸ್ಸಿನಲ್ಲಿ ಒಂದು ಕ್ಲಾಸಿದೆ. ಮೇಷ್ಟ್ರು ಇದ್ದಾರೆ. ಸಂಬಳ ಬರುತ್ತಿದೆ. ಫ್ಯಾನ್ ತಿರುಗುತ್ತಿದೆ. ಬೆಂಚು ಖಾಲಿ ಇದೆ. ಈ ಕ್ಯಾಂಪಸ್ಸಿನಲ್ಲಿ ಅದೇ ಪಾಠ ಬೇಕು ಅನ್ನುವ ಒಬ್ಬ ಹುಡುಗಿ ಇದ್ದಾಳೆ. ಇವಳನ್ನು ಅಲ್ಲಿ ಕೂರಿಸಿದರೆ ಯಾರ ಗಂಟು ಹೋಗುತ್ತದೆ?

ಇದು ಸುಮ್ನೆ ಊಹೆಯ ಹುಡುಗಿ ಅಂದುಕೊಳ್ಳಬೇಡಿ. ನನ್ನ ಅಕ್ಕನ ಮಗಳೇ. ಯಾವ ಯೂನಿವರ್ಸಿಟಿ ಅಂತ ಹೇಳುವುದಿಲ್ಲ, ಅವಳಿಗೆ ಇನ್ನೂ ಎರಡು ಸೆಮಿಸ್ಟರ್ ಬಾಕಿ ಇದೆ. ಎಂಎ ಇತಿಹಾಸ. ಶಾಸನ ಓದುವ ಹುಚ್ಚು. ಹಳೆಗನ್ನಡ ಲಿಪಿಯನ್ನು ನೋಟ್‌ಬುಕ್ಕಿನ ಹಿಂದೆ ಬರೆದು ಬರೆದು ಕಲಿತಿದ್ದಾಳೆ. ಅವಳ ಕ್ಯಾಂಪಸ್ಸಿನಲ್ಲಿ ಶಾಸನದ ಪೇಪರ್ ಇಲ್ಲ. ಇನ್ನೊಂದು ಕ್ಯಾಂಪಸ್ಸಿನಲ್ಲಿದೆ. ಒಂದು ದಿನ ಹೋಗಿ ಕೂತಳು. ಕ್ಲಾಸಿನಲ್ಲಿ ನಾಲ್ಕು ಜನ. ಮೇಷ್ಟ್ರಿಗೆ ಖುಷಿಯೋ ಖುಷಿ. "ಬಾಮ್ಮ, ಮುಂದೆ ಕೂತ್ಕೋ" ಅಂದರಂತೆ. ಮುಂದಿನ ಬೆಂಚು, ಹಿಂದಿನ ಬೆಂಚು, ಎಲ್ಲ ಬೆಂಚೂ ಖಾಲಿ.

ಇವಳು ತನ್ನ ಕ್ಯಾಂಪಸ್ಸಿಗೆ ವಾಪಸ್ ಬಂದು ಆಫೀಸಿನಲ್ಲಿ ಕೇಳಿದಳು. ಸಾರ್, ಆ ಪೇಪರನ್ನೇ ನನ್ನ ಓಪನ್ ಎಲೆಕ್ಟಿವ್ ಅಂತ ತಗೋಬಹುದಾ? ಗುಮಾಸ್ತರು ಫಾರಂ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು: "ಕಾಲಂ ಇಲ್ಲಮ್ಮ."

ಕಾಲಂ ಇಲ್ಲ! ಬೆಂಚು ಇದೆ, ಮೇಷ್ಟ್ರು ಇದ್ದಾರೆ, ಕಾಲಂ ಇಲ್ಲ!

ಕೊನೆಗೆ ಅವಳಿಗೆ ಸಿಕ್ಕ ಎಲೆಕ್ಟಿವ್ ಯಾವುದು ಗೊತ್ತಾ? ವ್ಯಕ್ತಿತ್ವ ವಿಕಸನ. ಯಾಕೆ? ಆ ವಿಭಾಗದ ಒಬ್ಬ ಮೇಷ್ಟ್ರಿಗೆ ತೋರಿಸಬೇಕಾದ ಪಾಠದ ಗಂಟೆ, ಅಂದರೆ ವರ್ಕ್‌ಲೋಡ್ ಕಮ್ಮಿ ಬೀಳುತ್ತಿತ್ತು. ಎಲೆಕ್ಟಿವ್ ಅಂದರೆ ಆಯ್ಕೆ. ಯಾರ ಆಯ್ಕೆ ಅಂತ ಮಾತ್ರ ಕೇಳಬೇಡಿ. ನನ್ನ ಹತ್ತಿರ ಬಂದು "ಮಾಮ, ನನ್ನ ವ್ಯಕ್ತಿತ್ವಕ್ಕೆ ಏನಾಗಿದೆ?" ಅಂತ ಕೇಳಿದಳು. ನಾನು ಏನು ಹೇಳಲಿ? ಐಸ್‌ಕ್ರೀಮ್ ಕೊಡಿಸಿದೆ.

ಹಲ್ಮಿಡಿ ಶಾಸನ ಎಲ್ಲಿ ಸಿಕ್ಕಿದ್ದು? ಹಾಸನ ಜಿಲ್ಲೆ, ಬೇಲೂರು ತಾಲ್ಲೂಕು. ಈಗ ಎಲ್ಲಿದೆ? ಮೈಸೂರಿನಲ್ಲಿ. ಕಲ್ಲೇ ಒಂದೂರಿನಿಂದ ಇನ್ನೊಂದೂರಿಗೆ ಹೋಗಿ ಕೂತಿದೆ. ಶಾಸನ ಓದುವ ಹುಡುಗಿ ಮಾತ್ರ ಕ್ಯಾಂಪಸ್ ದಾಟುವ ಹಾಗಿಲ್ಲ.

ಇಲ್ಲೊಂದು ಬ್ರೇಕ್. ಬೆಲ್ ಒತ್ತದವರು ಒತ್ತಿ. ನಮ್ಮ ಚಾನೆಲ್ಲಿನ ಮಗ್ಗು ಬಂದಿದೆ, "ಹೌದಾ ಸ್ವಾಮಿ?" ಅಂತ ಬರೆದಿರುವುದು, 350 ರೂಪಾಯಿ. ಕಾಫಿ ಹಾಕಿದರೆ ಬಣ್ಣ ಬಿಡುವುದಿಲ್ಲ. ಮೊದಲ ಬ್ಯಾಚಿನದು ಬಿಟ್ಟಿತ್ತು. ಕ್ಷಮೆ ಕೇಳಿದ್ದೇನೆ, ಮುಗಿಯಿತು.

ಎಲ್ಲಿದ್ದೆ? ಹಾಂ, ಕಾಲಂ.

ತಮಾಷೆ ಏನೆಂದರೆ, ಕಾಗದದ ಮೇಲೆ ಇದೆಲ್ಲ ಇದೆ! 2021ರಲ್ಲೇ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ತಂದಿತು. ಕ್ರೆಡಿಟ್ ಅಂದರೆ ಪೇಪರ್ ಪಾಸಾದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಪಾಯಿಂಟು. ಬೇರೆ ಬೇರೆ ಕಡೆ ಓದಿದ ಕ್ರೆಡಿಟ್ಟನ್ನು ಒಂದೇ ಖಾತೆಗೆ ಹಾಕಬಹುದು. ಡಿಗ್ರಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧ ಕ್ರೆಡಿಟ್ ಗಳಿಸಿರಬೇಕು ಅಷ್ಟೇ. ಕ್ರೆಡಿಟ್ 7 ವರ್ಷ ಬಾಳಿಕೆ ಬರುತ್ತದೆ. ನಮ್ಮನೆ ಮಿಕ್ಸಿಗಿಂತ ಜಾಸ್ತಿ. ಮಕ್ಕಳೆಲ್ಲ ಖಾತೆ ತೆರೆದರು, ಐಡಿ ಬಂತು, ಫಾರಂನಲ್ಲಿ ಐಡಿ ಬರೆಯಲು ಕಾಲಂ ಕೂಡ ಬಂತು. ಖಾತೆಗೆ ಹಾಕಲು ಹೊರಗಿನ ಕ್ರೆಡಿಟ್ ಎಲ್ಲಿ? ಪಾಸ್‌ಬುಕ್ ಇದೆ, ದುಡ್ಡಿಲ್ಲ.

ಇನ್ನೂ ಮಜಾ ಕೇಳಿ. ಅದೇ ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ 40% ತನಕ ಕೋರ್ಸುಗಳನ್ನು ಕೇಂದ್ರ ಸರ್ಕಾರದ 'ಸ್ವಯಂ' ಪೋರ್ಟಲ್ಲಿನಲ್ಲಿ ಆನ್‌ಲೈನ್ ಮಾಡಬಹುದು. ಅಂದರೆ ಮನೆಯಲ್ಲಿ ಹಾಸಿಗೆ ಮೇಲೆ ಮಲಗಿ, ಎಲ್ಲೋ ಖರಗ್‌ಪುರದ ಮೇಷ್ಟ್ರ ವಿಡಿಯೋವನ್ನು ಡಬಲ್ ಸ್ಪೀಡಿನಲ್ಲಿ ಓಡಿಸಿ ಕ್ರೆಡಿಟ್ ತಗೋಬಹುದು. ಮೆಟ್ರೋ ಹತ್ತಿ ಹೋಗಿ, ಜೀವಂತ ಮೇಷ್ಟ್ರ ಎದುರು ಬೆಂಚಿನ ಮೇಲೆ ಕೂತರೆ, ಕಾಲಂ ಇಲ್ಲ. ಈಗ ಹೇಳಿ, ಅಟೆಂಡೆನ್ಸ್ ಸ್ವಾಮಿಗಳೇ, ಹಾಸಿಗೆ ಮೇಲೆ ಅಟೆಂಡೆನ್ಸ್ ಯಾರು ತಗೊಳ್ತಾರೆ? ಅವರಮ್ಮನಾ?

ಬೇರೆ ಬೇರೆ ಯೂನಿವರ್ಸಿಟಿಗೆ ಬೇರೆ ಬೇರೆ ವೇಳಾಪಟ್ಟಿ, ಹೊಂದುವುದಿಲ್ಲ ಅಂತ ಒಬ್ಬರು ಬರೆದಿದ್ದಾರೆ. ಉಪನ್ಯಾಸಕರಿರಬೇಕು, ಕಾಗುಣಿತ ಸರಿ ಇತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 10 ಕ್ಯಾಂಪಸ್ಸು. ಬರ್ಕ್‌ಲಿ ಮತ್ತು ಮರ್ಸೆಡ್‌ನಲ್ಲಿ ಸೆಮಿಸ್ಟರ್ ಪದ್ಧತಿ. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇಂಥ ಕಡೆ ಕ್ವಾರ್ಟರ್ ಪದ್ಧತಿ. ಶುರುವಾಗುವ ದಿನವೇ ಬೇರೆ, ಮುಗಿಯುವ ದಿನವೇ ಬೇರೆ. ಆದರೂ ಒಂದು ಕ್ಯಾಂಪಸ್ಸಿನ ಹುಡುಗ ಇನ್ನೊಂದು ಕ್ಯಾಂಪಸ್ಸಿನ ಆನ್‌ಲೈನ್ ಕೋರ್ಸಿಗೆ ಸೇರಿ ಕ್ರೆಡಿಟ್ ತರುತ್ತಾನೆ. ಅದು ಆನ್‌ಲೈನು, ಇಲ್ಲಿ ಓಡಾಡಬೇಕು ಅನ್ನುತ್ತೀರಾ? ಮ್ಯಾಸಚೂಸೆಟ್ಸ್‌ನಲ್ಲಿ ಐದು ಕಾಲೇಜುಗಳ ಕೂಟ ಇದೆ. ಆಮ್‌ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್, ಹ್ಯಾಂಪ್‌ಷೈರ್, ಜೊತೆಗೆ ಅಲ್ಲಿನ ಸರ್ಕಾರಿ ಯೂನಿವರ್ಸಿಟಿ. ಇವು ಒಂದೇ ಆಡಳಿತದವು ಕೂಡ ಅಲ್ಲ. ಮಕ್ಕಳು ಈ ಕಾಲೇಜಿನಿಂದ ಆ ಕಾಲೇಜಿಗೆ ಹೋಗಿ ಪಾಠ ಕೇಳಲಿ ಅಂತ ಬಸ್ಸು ಫ್ರೀ.

"ಅಮೆರಿಕಾ ಕಥೆ ಇಲ್ಲಿ ಹೇಳಬೇಡಿ" ಅನ್ನುವವರು ಈಗ ಕೀಬೋರ್ಡ್ ತಟ್ಟುತ್ತಿರುತ್ತೀರಿ. ಸರಿ, ದೆಹಲಿಗೆ ಬನ್ನಿ. ದೆಹಲಿ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲ್ಲಿಯಾ ಸೇರಿಕೊಂಡು ಗಣಿತ ಶಿಕ್ಷಣದಲ್ಲಿ ಜಂಟಿ ಎಂಎಸ್ಸಿ ನಡೆಸಿದ್ದವು. ದೆಹಲಿಯೂ ಬೇಡವಾ? ಮೈಸೂರು! 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಒಂದೇ ಮನೆಯಲ್ಲಿದ್ದವು. ನೂರು ವರ್ಷದ ಹಿಂದೆ, ಉಗಿಬಂಡಿಯ ಕಾಲದಲ್ಲಿ, ಎರಡೂರನ್ನು ಒಂದೇ ಯೂನಿವರ್ಸಿಟಿ ಅಂತ ನಡೆಸಿದರು. ನಮಗೆ ನೇರಳೆ ಲೈನ್ ಇದ್ದೂ ಆಗುವುದಿಲ್ಲ!

ಬಸ್ಸಿನ ವಿಷಯ ಬಂತಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಫ್ರೀ. ಬಸ್ ಕೊಟ್ಟಿದ್ದು ಯಾವ ಸರ್ಕಾರ? ಆ ಮೇಷ್ಟ್ರಿಗೆ ಸಂಬಳ ಕೊಡುವುದು ಯಾವ ಸರ್ಕಾರ? ಪ್ರವೇಶ, ಪರೀಕ್ಷೆ, ಫಲಿತಾಂಶಕ್ಕೆಲ್ಲ ಯುಯುಸಿಎಂಎಸ್ ಅಂತ ರಾಜ್ಯದ ಸರ್ಕಾರಿ ವಿವಿಗಳಿಗೆ ಒಂದೇ ಸಾಫ್ಟ್‌ವೇರ್ ತಂದಿದ್ದು ಯಾವ ಸರ್ಕಾರ? ಎಲ್ಲ ಒಬ್ಬರದೇ. ಇನ್ನು "ಫೀಸ್ ಯಾರಿಗೆ ಹೋಗಬೇಕು" ಅಂತ ಕೇಳುವವರಿಗೆ ಏನು ಹೇಳಲಿ? ಎಡ ಜೇಬಿನಿಂದ ಬಲ ಜೇಬಿಗೆ ಹಾಕಿಕೊಳ್ಳಿ.

ಅತಿಥಿ ಉಪನ್ಯಾಸಕರನ್ನು ನೋಡಿ. ನನಗೆ ಗೊತ್ತಿರುವ ಒಬ್ಬರು ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಕಾಲೇಜು. ನಡುವೆ ಬಸ್ ಸ್ಟ್ಯಾಂಡಿನಲ್ಲಿ ಚಿತ್ರಾನ್ನ. ಎರಡೂ ಕಡೆ ಅದೇ ಪಾಠ. ಮೇಷ್ಟ್ರು ಕಾಲೇಜು ದಾಟಬಹುದು. ಮಕ್ಕಳು ದಾಟಿದರೆ ಶಿಸ್ತು ಹಾಳಾಗುತ್ತದಂತೆ. ಮಕ್ಕಳೆಲ್ಲ ಮಾರ್ಕ್ಸ್ ಸಡಿಲ ಬಿಡುವ ಮೇಷ್ಟ್ರ ಹತ್ತಿರವೇ ಓಡಿಹೋಗುತ್ತಾರಂತೆ. ಈಗೇನು ಓಡುತ್ತಿಲ್ಲವಾ? ಒಂದೇ ಕಾರಿಡಾರಿನಲ್ಲಿ ಓಡುತ್ತಿದ್ದಾರೆ, ಅಷ್ಟೇ.

ಗುಟ್ಟು ಏನು ಅಂತ ಹೇಳಲಾ? ವರ್ಕ್‌ಲೋಡ್. ನಮ್ಮ ಹುಡುಗರು ಆಚೆ ಹೋದರೆ ನಮ್ಮ ಪೇಪರಿಗೆ ಸಂಖ್ಯೆ ಕಮ್ಮಿಯಾಗುತ್ತದೆ. ಸಂಖ್ಯೆ ಕಮ್ಮಿಯಾದರೆ ಹುದ್ದೆಗೆ ಕುತ್ತು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ನಾಲ್ಕು ಜನರಿರುವ ಶಾಸನದ ಕ್ಲಾಸಿಗೆ ಬೇರೆ ಕ್ಯಾಂಪಸ್ಸಿನಿಂದ ಹತ್ತು ಜನ ಬಂದರೆ ಆ ಹುದ್ದೆ ಉಳಿಯುತ್ತದೆ ಅಲ್ವಾ? ಇಲ್ಲದಿದ್ದರೆ ಒಂದು ದಿನ ವಿದ್ಯಾರ್ಥಿಗಳಿಲ್ಲ ಅಂತ ಬೋರ್ಡೇ ತೆಗೆಯುತ್ತಾರೆ. ಬೆಂಚು ಗುಜರಿಗೆ ಹೋಗುತ್ತದೆ.

ಹೊಸ ವಿವಿಗಳ ಕಥೆಯೂ ಅದೇ. ಹಾಸನದ ಹೇಮಗಂಗೋತ್ರಿ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿತ್ತು. ಕೊಡಗಿನ ಚಿಕ್ಕ ಅಳುವಾರದ್ದು ಮಂಗಳೂರು ವಿವಿಯದು. 2023ರಲ್ಲಿ ಇವೆಲ್ಲ ಸ್ವಂತ ಯೂನಿವರ್ಸಿಟಿ ಆದವು. ಎರಡೇ ವರ್ಷಕ್ಕೆ, 2025ರಲ್ಲಿ, ದುಡ್ಡಿಲ್ಲ, ಮಕ್ಕಳಿಲ್ಲ, ಮುಚ್ಚೋಣ ಅಂತ ಸಂಪುಟ ಉಪಸಮಿತಿಯಲ್ಲಿ ಮಾತು. ತೆರೆಯಬೇಕು ಅಂತ ಒಂದು ಗುಂಪು, ಮುಚ್ಚಬೇಕು ಅಂತ ಇನ್ನೊಂದು ಗುಂಪು. ಹಾಸನದ ಹುಡುಗ ಎರಡು ಪೇಪರ್ ಮೈಸೂರಿನಲ್ಲಿ ಓದಲಿ, ಮೈಸೂರಿನ ಹುಡುಗಿ ಒಂದು ಪೇಪರ್ ಹಾಸನದಲ್ಲಿ ಓದಲಿ ಅಂತ ಒಬ್ಬರಾದರೂ ಹೇಳಿದರಾ? ನನಗಂತೂ ಕೇಳಿಸಲಿಲ್ಲ. ನಾನು ಹೇಳುತ್ತಿದ್ದೇನೆ. ನನಗೆ ಸಿಕ್ಕಿದ್ದು ನಗುವ ಮುಖ ಎರಡು.

ಬೆಂಚು ಖಾಲಿ ಇದೆ ರೀ! ಇನ್ನೇನು ಹೇಳಲಿ? ಮೂರು ಪುಟ ಸ್ಕ್ರಿಪ್ಟ್ ಬರೆದಿದ್ದೆ, ಮೂರನೇ ಪುಟದಲ್ಲಿ ಬರೀ "ಬೆಂಚು, ಬೆಂಚು" ಅಂತ ಗೀಚಿದ್ದೇನೆ, ನೋಡಿ. ಕ್ಯಾಮೆರಾಗೆ ಕಾಣುತ್ತಿದೆಯಾ? ಬೆಂಚು. ಕೆಳಗೆ ಎರಡು ಗೆರೆ. ನನಗೆ ಗೊತ್ತು, ನಾಳೆ ಇನ್ನೊಬ್ಬರು ಬರುತ್ತಾರೆ, "ಸಾರ್, ಬೇರೆ ಕ್ಯಾಂಪಸ್ಸಿಗೆ ಹೋದರೆ ಐಡಿ ಕಾರ್ಡ್ ಯಾರು ಕೊಡ್ತಾರೆ?" ಅಂತ. ಲೈಬ್ರರಿ ಕಾರ್ಡು? ಪಾರ್ಕಿಂಗು? ಕ್ಯಾಂಟೀನ್ ಟೋಕನ್? ಕೇಳಿ ಕೇಳಿ. ಕೊನೆಗೆ ಬೆಂಚಿಗೆ ಕುಶನ್ ಇದೆಯಾ ಅಂತಲೂ ಕೇಳಿ.

ಅಟೆಂಡೆನ್ಸ್ ಸ್ವಾಮಿಗಳೇ, ನಿಮಗೊಂದು ಉತ್ತರ ಬಾಕಿ ಇದೆ. ಅಟೆಂಡೆನ್ಸ್ ಪಾಠ ಮಾಡುವವರೇ ತಗೊಳ್ಳುತ್ತಾರೆ. ರಿಜಿಸ್ಟರ್ ತೆರೆಯುತ್ತಾರೆ, ಹೆಸರು ಕರೆಯುತ್ತಾರೆ, ಹುಡುಗಿ "ಎಸ್ ಸಾರ್" ಅನ್ನುತ್ತಾಳೆ. ಅಲ್ಲಿರುವುದು ಐದೇ ಜನ, ಮರೆತುಹೋಗುವ ಸಂಖ್ಯೆಯೂ ಅಲ್ಲ.

ಚಟ್ನಿ ಎಪಿಸೋಡು ಮುಂದಿನ ವಾರ, ಆಣೆ. ಅಕ್ಕನ ಮಗಳು ಈ ವಾರವೂ ಆ ಕ್ಲಾಸಿಗೆ ಹೋಗಿದ್ದಾಳೆ, ಕ್ರೆಡಿಟ್ ಇಲ್ಲದೆ, ವ್ಯಕ್ತಿತ್ವ ವಿಕಸನಕ್ಕೆ ಚಕ್ಕರ್ ಹಾಕಿ. ಇದನ್ನು ಎಡಿಟ್ ಮಾಡಿ ತೆಗೆಯಬೇಕು, ನೆನಪಿಸಿ. ಕ್ಯಾಮೆರಾ ಬ್ಯಾಟರಿ ಕೆಂಪು ತೋರಿಸುತ್ತಿದೆ. ಮಗ್ಗಿನ ಲಿಂಕ್ ಕೆಳಗಿದೆ. ಕಪ್ಪು ಬಣ್ಣದ್ದು ಖಾಲಿಯಾಗಿದೆ, ಹಳದಿ ಮಾತ್ರ ಉಳಿದಿರುವುದು.