ದುಡಿಮೆಯ ಹೊತ್ತು, ಹೆಣ್ಣಿನ ಪಾಲು

ಕೇಳುಗರಿಗೆ ನಮಸ್ಕಾರ.

ಸಂದರ್ಶನಕ್ಕೆ ಬಂದ ಹೆಣ್ಣುಮಗಳೊಬ್ಬಳ ಓದು, ಅನುಭವಗಳನ್ನೆಲ್ಲ ವಿಚಾರಿಸಿದ ಮೇಲೆ, ಎದುರಿಗೆ ಕುಳಿತವರು ದನಿಯನ್ನು ತುಸು ತಗ್ಗಿಸಿ, ‘ಮಕ್ಕಳಾದ ಮೇಲೂ ಕೆಲಸಕ್ಕೆ ಬರುತ್ತೀರಾ?’ ಎಂದು ಕೇಳುತ್ತಾರೆ. ಅದೇ ಕುರ್ಚಿಗೆ ಮುಂದೆ ಬರುವ ಗಂಡಸಿಗೆ ಈ ಪ್ರಶ್ನೆಯಿಲ್ಲ. ಅವನು ತಂದೆಯಾಗಿದ್ದರೆ ಜವಾಬ್ದಾರಿಯುಳ್ಳವನೆಂದು ಅವನ ತೂಕ ಹೆಚ್ಚುವುದೂ ಉಂಟು. ಅಮೆರಿಕದ ಸಮಾಜಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅರ್ಹತೆಯಲ್ಲಿ ಸರಿಸಮವಾಗಿದ್ದ ಅರ್ಜಿಗಳನ್ನು ಓದಿದವರು, ತಾಯಿಯೆಂಬ ಸುಳಿವಿದ್ದ ಅರ್ಜಿದಾರಳನ್ನು ಕಡಿಮೆ ಸಮರ್ಥಳೆಂದು ಎಣಿಸಿ ಅವಳಿಗೆ ಕಡಿಮೆ ಸಂಬಳ ಸೂಚಿಸಿದರು. ತಂದೆಯೆಂಬ ಸುಳಿವು ಗಂಡಸರಿಗೆ ಹಾಗೆ ಮುಳುವಾಗಲಿಲ್ಲ.

ಹೀಗೆ ನಡೆದುಕೊಳ್ಳುವವರೆಲ್ಲ ಹೆಣ್ಣನ್ನು ಕೀಳಾಗಿ ಕಾಣುವವರೇ ಎಂದರೆ ನಾನು ಒಪ್ಪುವುದಿಲ್ಲ. ‘ಪಾಪ, ಮಗು ಇನ್ನೂ ಚಿಕ್ಕದು, ಈ ಓಡಾಟದ ಹುದ್ದೆ ಅವಳಿಗೇಕೆ’ ಎಂದು ಮೇಲಧಿಕಾರಿ ಮರುಕಪಡುತ್ತಾರೆ, ಬಡ್ತಿ ಬೇರೊಬ್ಬರ ಪಾಲಾಗುತ್ತದೆ. ಅವಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಬೈಗುಳಕ್ಕಾದರೆ ದೂರು ಕೊಡಬಹುದು, ಮರುಕಕ್ಕೆ ಕೊಡುವುದು ಹೇಗೆ?

ಆದರೆ ಬೇರು ಇನ್ನೂ ಆಳದಲ್ಲಿದೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್, ಗಂಡು ಹೆಣ್ಣಿನ ಸಂಬಳದ ಅಂತರವು ಮೊದಲ ಮಗು ಹುಟ್ಟಿದ ನಂತರ ಹೇಗೆ ಹಿಗ್ಗುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಹೊತ್ತುಗೊತ್ತಿಲ್ಲದೆ ಕರೆದಾಗಲೆಲ್ಲ ಸಿಗುವವರಿಗೆ ದೊಡ್ಡ ಸಂಬಳ ಕೊಡುವ ಕೆಲಸಗಳಿವೆ. ಗಂಡ ಹೆಂಡತಿ ಇಬ್ಬರೂ ಹಾಗೆ ದುಡಿದರೆ, ಮಗುವಿಗೆ ಜ್ವರ ಬಂದಾಗ ಮನೆಯಲ್ಲಿರುವವರು ಯಾರು? ಆ ಹೊಣೆ ಹೆಚ್ಚಾಗಿ ಹೆಂಡತಿಯ ಪಾಲಿಗೆ ಬರುತ್ತದೆ, ಸಂಜೆ ಆರಕ್ಕೆ ಕರೆದ ಸಭೆಯಿಂದ ನಡುವೆ ಎದ್ದು ಹೋಗುವವಳೂ ಅವಳೇ. ಮನೆಯನ್ನು ಬೇರೆ ಯಾರೋ ನೋಡಿಕೊಳ್ಳುತ್ತಾರೆಂದು ಮೊದಲೇ ನಂಬಿಕೊಂಡು ರೂಪಿಸಿದ ಕೆಲಸವಿದು. ಆ ‘ಬೇರೆ ಯಾರೋ’ ಸ್ವತಃ ಕೆಲಸಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ, ತಪ್ಪು ಅವಳದೆಂದು ಬರೆದುಕೊಳ್ಳಲಾಗುತ್ತದೆ.

ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನವೆಂಬ ಅಂತರರಾಷ್ಟ್ರೀಯ ಒಡಂಬಡಿಕೆ 1951ರಷ್ಟು ಹಳೆಯದು. ಆದರೆ ಮೌಲ್ಯ ಕಟ್ಟುವವರು ಯಾರು? ರೋಗಿಯ ಆರೈಕೆ, ಮಕ್ಕಳ ಪಾಲನೆಗಳು ಹೆಣ್ಣಿಗೆ ಹುಟ್ಟಿನಿಂದಲೇ ಬಂದ ಗುಣವೆಂದುಕೊಂಡರೆ ಅವು ಕೌಶಲದ ಲೆಕ್ಕಕ್ಕೇ ಬರುವುದಿಲ್ಲ, ಸಂಬಳವೂ ಅಷ್ಟಕ್ಕಷ್ಟೇ.

1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಬಹುಪಾಲು ಹೆಂಗಸರು ಮನೆಗೆಲಸ, ಹೊರಗೆಲಸ ಎರಡನ್ನೂ ಒಂದು ದಿನದ ಮಟ್ಟಿಗೆ ನಿಲ್ಲಿಸಿದರು. ಅಂದು ಅನೇಕ ತಂದೆಯರು ಮಕ್ಕಳನ್ನು ಕಚೇರಿಗೇ ಕರೆದುಕೊಂಡು ಹೋಗಬೇಕಾಯಿತು.