ಹತ್ತು ರೂಪಾಯಿಯ ಮಾತು

ಕೇಳುಗರಿಗೆ ನಮಸ್ಕಾರ.

ಉಡುಪಿ ಕಡೆಯ ಹೊಳೆ ಬದಿಯ ಊರು ನಮ್ಮದು. ಬೇಸಿಗೆ ಬಂತೆಂದರೆ ಬಾವಿ ನೀರು ಉಪ್ಪು. ಹೊಳೆಗೆ ಅಡ್ಡ ಇರುವ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕಿದರೆ ಕಡಲಿನ ಉಪ್ಪು ನೀರು ಮೇಲೆ ಬರುವುದಿಲ್ಲ. ಕಳೆದ ವಿಧಾನಸಭೆ ಚುನಾವಣೆ ಹೊತ್ತಿಗೆ ನಾವು 11 ಮನೆಯವರು ಸೇರಿ ಒಂದು ಕರಪತ್ರ ಬರೆದೆವು. 'ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಯಾವಾಗ? ವೋಟು ಕೇಳಲು ಬಂದವರಲ್ಲಿ ಕೇಳಿ' ಅಂತ. ನಮ್ಮಲ್ಲೊಬ್ಬ ಹುಡುಗ ಕೆಳಗೆ ಒಂದು ಸಾಲು ಸೇರಿಸಿದ: 'ಇಂಥವರು ಮಾತು ಕೊಟ್ಟಿದ್ದಾರೆ, ಅವರನ್ನೇ ಗೆಲ್ಲಿಸಿ.' ಪ್ರೆಸ್ಸಿನವರು ಓದಿ ನೋಡಿ, "ಈ ಸಾಲು ಬೇಕಾದರೆ ಅಭ್ಯರ್ಥಿಯ ಒಪ್ಪಿಗೆ ಪತ್ರ ತನ್ನಿ" ಎಂದರು.

ಅವರು ಹೇಳಿದ್ದು ಸರಿ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಗೆಲುವಿಗಾಗಿ ಸಭೆಗೆ, ಜಾಹೀರಾತಿಗೆ, ಕರಪತ್ರಕ್ಕೆ ದುಡ್ಡು ಹಾಕುವುದು ಅಪರಾಧ. 10 ರೂಪಾಯಿ ಒಳಗಿನ ಖರ್ಚಾದರೆ ಮಾತ್ರ 10 ದಿನದೊಳಗೆ ಒಪ್ಪಿಗೆ ಪಡೆದರೂ ನಡೆಯುತ್ತದೆ. ಈ ನಿಯಮ ಬಂದದ್ದು 1920ರಲ್ಲಿ, ಬ್ರಿಟಿಷರ ಕಾಲದಲ್ಲಿ. 2024ರಲ್ಲಿ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ದಂಡದ ಮಿತಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಆ 10 ರೂಪಾಯಿ ಮಾತ್ರ ಹಾಗೇ ಉಳಿಯಿತು! ಇವತ್ತು 10 ರೂಪಾಯಿಗೆ ಎಷ್ಟು ಹಾಳೆ ಅಚ್ಚಾಗುತ್ತದೆ, ಹೇಳಿ.

ಕಾನೂನಿಗೂ ಕಾರಣ ಇದೆ, ಇಲ್ಲ ಅನ್ನುವುದಿಲ್ಲ. ವಿಧಾನಸಭೆ ಅಭ್ಯರ್ಥಿ ನಮ್ಮಲ್ಲಿ 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಗೆಳೆಯರ ಹೆಸರಲ್ಲಿ ಎಷ್ಟೂ ಸುರಿಯಬಹುದಾದರೆ ಆ ಮಿತಿ ಯಾಕೆ? ಆದರೆ ರಾಜಕೀಯ ಪಕ್ಷ ತನ್ನ ಒಟ್ಟು ಪ್ರಚಾರಕ್ಕೆ ಎಷ್ಟು ಸುರಿದರೂ ಮಿತಿಯೇ ಇಲ್ಲ. ಹೊಳೆ ಬದಿಯ 11 ಮನೆಗೆ 10 ರೂಪಾಯಿ, ಪಕ್ಷಕ್ಕೆ ಲೆಕ್ಕವಿಲ್ಲದಷ್ಟು. ಇದು ನ್ಯಾಯ ಅಲ್ಲ ಅಲ್ವಾ?

ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಕಂಪನಿಗಳಿಗೂ ಅಭ್ಯರ್ಥಿಯನ್ನು ಕೇಳದೆ ತಾವಾಗಿಯೇ ಚುನಾವಣೆಗೆ ಖರ್ಚು ಮಾಡುವ ಬಾಗಿಲು ತೆರೆಯಿತು. ಅಷ್ಟು ದೂರ ಹೋಗುವುದು ನಮಗೆ ಬೇಡ. ಊರಿನವರ ಸಣ್ಣ ಗುಂಪಿಗೆ ಕೆಲವು ಸಾವಿರ ರೂಪಾಯಿಯ ಮಿತಿ ಹಾಕಿ, ಲೆಕ್ಕ ಕೇಳಿ. ಯಾರದೋ ಅಪ್ಪಣೆ ಮಾತ್ರ ಕೇಳಬೇಡಿ. ಹೆಸರು ಖಂಡಿತ ಕೇಳಿ. ಚುನಾವಣಾ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು ಎಂಬ ನಿಯಮ ಈಗಲೂ ಇದೆ, ಅದು ಒಳ್ಳೆಯದೇ. ಪಕ್ಷಕ್ಕೆ ಯಾರು ದುಡ್ಡು ಕೊಟ್ಟರು ಎಂದು ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಹೇಳಿ, ಹೆಸರು ಹೊರಗೆ ಬಾರದಂತೆ ಪಕ್ಷಕ್ಕೆ ದುಡ್ಡು ಕೊಡುವ ಚುನಾವಣಾ ಬಾಂಡ್ ರದ್ದು ಮಾಡಿತು. ಅದೇ ಅಳತೆ ನಮಗೂ ಇರಲಿ.

ನಾವು ಆ ಹುಡುಗನ ಸಾಲು ತೆಗೆದೇ ಅಚ್ಚು ಹಾಕಿಸಿದೆವು. ಅವನಿಗೆ ಬೇಜಾರಾಯಿತು. ಕೆಳಗೆ 11 ಮನೆಯವರ ಹೆಸರೂ ಹಾಕಿದೆವು, ಅವನ ಹೆಸರು ಮೊದಲು.